ಟೇಪಿನ ಮೊದಲ ಆರಿಂಚು

ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು:
ಮೂವತ್ತೊಂದು ವರ್ಷ ನಾನು ಕತ್ತರಿಸಿದ್ದು ಅಂಕಿಗಳ ಸೊಂಟ.
ಬಳ್ಳಾರಿಯ ಬಿಸಿಲು ಇಳಿಯುವ ತಗಡಿನ ಶೆಡ್ಡಿನಲ್ಲಿ
ಅರವತ್ತು ಪದರ ಜೀನ್ಸು ಒಂದರ ಮೇಲೊಂದು ಹಾಸಿ,
ಸುಣ್ಣದ ಗೆರೆ ಎಳೆದು,
ಕರೆಂಟಿನ ಕತ್ತರಿ ಓಡಿಸಿದರೆ
ಅರವತ್ತು ಎಡಗಾಲು ಒಟ್ಟಿಗೇ ಬೀಳುತ್ತಿದ್ದವು.
ಯಾರ ಕಾಲೋ, ಯಾವ ಊರಿನವೋ.
ಒಬ್ಬನ ಮೈಗೂ ಟೇಪು ಹಿಡಿದವನಲ್ಲ.

ಹೋದ ಯುಗಾದಿಯ ಮರುದಿನ
ಗುಜರಿಯ ದಾದಾಪೀರ ಬಾಗಿಲಿಗೆ ಗಾಡಿ ನಿಲ್ಲಿಸಿ
‘ಗಾದಿಲಿಂಗಪ್ಪ ಮಾಸ್ತರ, ಇದಕ್ಕೊಂದು ಲಂಗ ಹೊಲೀರಿ,
ಹಿಂಗ ಬರಿಮೈಲೆ ಮಾರಾಕ ನಾಚಿಕಿ ಬರ್ತೈತಿ’ ಅಂದ.
ಕಂಟೋನ್ಮೆಂಟಿನ ಬೀಗ ಒಡೆದ ಬಂಗಲೆಯದಂತೆ.
ಪಿಂಗಾಣಿ ಮುಖ, ಮರದ ಹೊಟ್ಟು ತುಂಬಿದ ಮೈ,
ಮಲಗಿಸಿದರೆ ಒಂದೇ ಕಣ್ಣು ಮುಚ್ಚುತ್ತದೆ.

ಟೇಪು ಹಿಡಿದೆ.
ಎದೆ ಐದೂಕಾಲು. ಕುತ್ತಿಗೆ ಎರಡೂವರೆ.
ಎಡತೋಳು ಎರಡು. ಬಲತೋಳು ಒಂದೂಮುಕ್ಕಾಲು.
ಇನ್ನೊಮ್ಮೆ ಹಿಡಿದೆ. ಒಂದೂಮುಕ್ಕಾಲೇ.
ಮೈಯ ಎರಡು ಬದಿ ಒಂದೇ ಅಲ್ಲ ಅನ್ನುವುದು
ನನಗೆ ಅರವತ್ತೆರಡಕ್ಕೆ ತಿಳಿಯಿತು.

ಮೊದಲ ಲಂಗ ಕೆಟ್ಟಿತು. ಮನೆಯಲ್ಲಿದ್ದದ್ದು ಜೀನ್ಸ್ ಚೂರು;
ಬೊಂಬೆಯನ್ನು ಹೊರಗೆ ತೆಗೆದರೂ
ಲಂಗ ತಾನಾಗಿ ನಿಂತೇ ಇತ್ತು, ಅಕ್ಕಿಯ ಸೇರಿನಂತೆ.
ಶರಣಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒಳಗೆ ಹೋಗಿ
ತನ್ನ ಮದುವೆಯ ಖಣದ ಕುಪ್ಪಸ ತಂದಳು.
‘ನೂರು ಸಲ ಒಗೆದದ್ದು ಬೇಕು ಇದಕ್ಕ.
ಅರಿವಿ ಹಠ ಬಿಟ್ಟಿರಬೇಕು.’
ದಾದಾಪೀರ ಬಂದಾಗ ಬೊಂಬೆ ಕೊಡಲಿಲ್ಲ,
ಇನ್ನೂರು ರೂಪಾಯಿ ಕೊಟ್ಟೆ.

ಆಮೇಲೆ ಬಂದವು, ಕರೆದಿದ್ದಕ್ಕೂ, ಕರೆಯದೆಯೂ.
ಮೇ ತಿಂಗಳಲ್ಲಿ ಬಂದ ಸೆಲ್ಯುಲಾಯ್ಡ್ ಕೂಸು
ಒತ್ತಿದಲ್ಲಿ ತಗ್ಗು ಬಿದ್ದು ಹಾಗೇ ಉಳಿಯುವಂಥದ್ದು;
ಕಾವಿಗೆ ಸೊಟ್ಟಗಾದೀತೆಂದು ಮಣ್ಣಿನ ಗಡಿಗೆಯ ಪಕ್ಕ ಮಲಗಿಸಿದೆವು.
ಒಂದು ರಬ್ಬರು ಹುಡುಗಿ, ಹೊಟ್ಟೆಯ ಸೀಟಿ ಕಳಚಿ
ಒತ್ತಿದರೆ ಬರೀ ಉಸಿರು ಬಿಡುವವಳು.
ಕಿನ್ನಾಳದ ಮರದ ಗಂಡನೊಬ್ಬ, ಜೋಡಿ ಕಳೆದುಕೊಂಡವನು,
ಮೂಗಿನ ಬಣ್ಣ ಎದ್ದು ಒಳಗಿನ ಮರ ಕಾಣುವವನು.
ಅವನಿಗೆ ಬಣ್ಣದ್ದೇ ಅಂಗಿ, ಬಣ್ಣದ್ದೇ ಧೋತರ.
ಬರೆದ ಬಟ್ಟೆಯ ಮೇಲೆ ಹೊಲಿದ ಬಟ್ಟೆ ತೊಡಿಸಬೇಕೇ?
ಮೂರು ವಾರ ಯೋಚಿಸಿ
ಹೆಗಲ ಮೇಲೊಂದು ವಲ್ಲಿ ಮಾತ್ರ ಹಾಕಿದೆ.

ಚಹಾದಂಗಡಿಯಲ್ಲಿ ಅಂದರು: ಮಾಸ್ತರಿಗೆ ಮಳ್ಳು ಹಿಡಿದೈತಿ.
ಮಂಡಕ್ಕಿ ಒಗ್ಗರಣೆ ಮುಗಿಸಿ, ಎಣ್ಣೆಗೈ ಎರಡು ಸಲ ತೊಳೆದು
ಸೂಜಿಗೆ ಕೂರುತ್ತಿದ್ದೆ.
ತೋಳನ್ನು ಒಳಗಿಂದ ಹೊರಗೆ ತಿರುವಲು ಪೆನ್ಸಿಲು ಸಾಲದು;
ಹಿಂದೊಮ್ಮೆ ಕತ್ತರಿ ತಿಂದ ನನ್ನ ತೋರುಬೆರಳು ಇದೆಯಲ್ಲ,
ಆ ಮೋಟು
ಅಂಗಿಯ ಭುಜದೊಳಗೆ ಹೇಳಿಮಾಡಿಸಿದಂತೆ ಕೂತಿತು.
ಅದಕ್ಕೊಂದು ಕೆಲಸ ಸಿಕ್ಕಿದ್ದು ಆಗಲೇ.

ಚಳಿಗಾಲದ ಒಂದು ಮಧ್ಯಾಹ್ನ ಶರಣಮ್ಮ ಅಕ್ಕಿ ಆರಿಸುತ್ತ
‘ಲೋಕದ ಪ್ಯಾಂಟಿಗೆಲ್ಲ ಐದೈದು ಜೇಬು ಇಟ್ಟಿ,
ಇದಕ್ಕೊಂದರ ಇಡು. ನನಗಂತೂ ಇಡಲಿಲ್ಲ’ ಅಂದಳು.
ಸಿಟ್ಟಿನಿಂದಲ್ಲ. ನುಚ್ಚು ತೆಗೆದು ಆಚೆ ಹಾಕುವ ಹಾಗೆ.
ಉಗುರಿನಷ್ಟು ಜೇಬು ಹೊಲಿದೆ, ಒಂಬತ್ತು ಹೊಲಿಗೆ.
ಮರುದಿನ ನೋಡಿದರೆ ಅದರಲ್ಲೊಂದು ಲವಂಗ.
ಕೇಳಲಿಲ್ಲ.
ಟೇಪು ಹಿಡಿದು ಅವಳ ಕಡೆ ತಿರುಗಿದ್ದು ಮಾತ್ರ ನಿಜ.
ನಲವತ್ತು ವರ್ಷದ ಸಂಸಾರ, ಅವಳ ಸೊಂಟದ ಅಂಕಿ ಗೊತ್ತಿಲ್ಲ.
‘ಹಾಲು ಉಕ್ಕತೈತಿ’ ಅಂದು ಎದ್ದಳು.
ಒಲೆಯ ಮೇಲೆ ಹಾಲು ಇರಲಿಲ್ಲ.

ಈಗ ಮತ್ತೆ ಬೇವಿನ ಹೂ ಉದುರುತ್ತಿದೆ.
ಕಪಾಟಿನಲ್ಲಿ ಇಪ್ಪತ್ಮೂರು ಮಂದಿ,
ಒಂಬತ್ತು ಜನಕ್ಕೆ ಇನ್ನೂ ಬಟ್ಟೆ ಬಾಕಿ.
ಟೇಪಿನಲ್ಲಿ ಇಪ್ಪತ್ತೆಂಟು, ಮೂವತ್ತೆರಡು ಹೊಸದರಂತಿವೆ;
ಮೊದಲ ಆರಿಂಚಿನ ಅಂಕಿಗಳು
ಬೆರಳಿಗೆ ಬೆರಳು ತಾಗಿ ಅಳಿಸಿಹೋಗಿವೆ.

ಇವತ್ತು ಬೆಳಿಗ್ಗೆ ದಾದಾಪೀರ
ಹಳೇ ಪೇಪರಿನಲ್ಲಿ ಸುತ್ತಿ ತಂದದ್ದು ಒಂದು ಕಾಲು.
ಬರೀ ಕಾಲು. ಪಿಂಗಾಣಿಯದು, ಕಪ್ಪು ಬೂಟು ಬರೆದದ್ದು.
‘ಉಳಿದದ್ದು ಸಿಕ್ಕರ ತರ್ತೀನಿ, ಮಾಸ್ತರ.’
ಕಿಟಕಿಯ ಬೆಳಕಿಗೆ ಹಿಡಿದು
ಆರರಿಂದ ಹಿಂದಕ್ಕೆ ಎಣಿಸಿ
ವಹಿಯಲ್ಲಿ ಬರೆದುಕೊಂಡೆ:
ಮೂರೂಮುಕ್ಕಾಲು. ಎಡ.