ತೂಕ ಎಷ್ಟು

ಫರ್ಸಿ ಕಲ್ಲು ಎತ್ತುವಾಗ ಕಡಿಯಿತಂತೆ.
ಕೆಂಪು ಚೇಳು, ಅಂದಳು ಅಜ್ಜಿ, ಬಾಲವಷ್ಟೇ ಕಂಡೆ.
ಹುಡುಗನ ಅಂಗಿ ಬೆವರಿಗೆ ತೊಪ್ಪೆ,
ಪಾದ ಮಾತ್ರ ಹೂಜಿಯಷ್ಟು ತಣ್ಣಗೆ.

ಚಿತ್ತಾಪುರಕ್ಕೇ ಕರೆಂಟಿಲ್ಲ.
ಅಂಗೈಯಗಲದ ಬೆಳಕಿನಲ್ಲಿ ಹೆಬ್ಬೆರಳು ಆಡಿಸುತ್ತೇನೆ.
ಸಿಗ್ನಲ್ ಸತ್ತರೂ ನಡೆಯುವ ಲೆಕ್ಕ ಇದು:
ಕಡಿತ ಗೊತ್ತು, ಗುಳಿಗೆ ಗೊತ್ತು,
ಒಂದೇ ಖಾನೆ ಖಾಲಿ, ಮಿನುಗುತ್ತಿದೆ:
ತೂಕ ಎಷ್ಟು?

ನಮ್ಮ ಆಸ್ಪತ್ರೆಯ ಯಂತ್ರ ದೀಪಾವಳಿಯಿಂದ
ಹನ್ನೊಂದರಲ್ಲೇ ನಿಂತಿದೆ.
ಯಾರು ಹತ್ತಿದರೂ ಹನ್ನೊಂದು.

‘ಎಷ್ಟು ಭಾರ ಆಗ್ತಾನಬೇ?’
‘ನನಗೇನ್ ಗೊತ್ತ್ರಿ ಡಾಕ್ಟರಬಾಯಿ,
ಓಡಿಕೋತ ಹೊತ್ಕೊಂಡ್ ಬಂದೀನಿ,
ಭಾರ ಅನಿಸಲೇ ಇಲ್ಲ.’

ಅಷ್ಟರಲ್ಲಿ ಲಾಡ್ಲೇಸಾಬ
ಎದುರಿನ ಅಡತಿಯವನನ್ನು ಎಬ್ಬಿಸಿ
ತೊಗರಿ ತೂಗುವ ಕೊಕ್ಕೆಯ ಕಾಟಾ ತಂದ.
ಕೌದಿಯ ನಾಲ್ಕು ಮೂಲೆ ಗಂಟು ಹಾಕಿ ಎತ್ತಿದೆವು,
ಒಂದು ಗಳಿಗೆ ತೊಟ್ಟಿಲು, ಒಂದು ಗಳಿಗೆ ಚೀಲ.
ಹದಿನೆಂಟೂವರೆ.
‘ಬಾರದಾನ ಎರಡು ಕಳೀರಿ’ ಎಂದ ಅಡತಿಯವನು,
ಆಕಳಿಸುತ್ತ.

ಹದಿನಾರೂವರೆ, ಒತ್ತಿದೆ.
ಫೋನು ಹೇಳಿತು: ಅರ್ಧ ಗುಳಿಗೆ.
ಮುರಿಯಲು ಬ್ಲೇಡು ಸಿಗದೆ
ನನ್ನ ಉಗುರೇ ಸಾಕಾಯಿತು.

ಬೆಳಗಿನ ಜಾವ ಪಾದ ಬೆಚ್ಚಗಾದವು.
ಅಡತಿಯವನು ಕಾಟಾ ಕೇಳಿಕೊಂಡು ಬಂದಾಗ
ಹುಡುಗ ಕೊಕ್ಕೆಗೆ ಬೆರಳು ಸಿಕ್ಕಿಸಿ ಜಗ್ಗುತ್ತಿದ್ದ,
ಮುಳ್ಳು ಎಲ್ಲಿತನಕ ಹೋಗುತ್ತದೆ
ಎಂದು ನೋಡಲು.