ಒಂಬತ್ತು ಸೀಸೆ

ಬೊಂಗೊ ಸೀಮೆಯ ಬೋಳುಬಂಡೆಗಳ ನಡುವಿನ ಒಂದು ಕೊಳವೆಬಾವಿ.
ಅದರ ಒಂಬತ್ತು ಬೆಳಗು ಈಗ ನನ್ನ ಮೇಜಿನ ಮೇಲೆ
ಒಂಬತ್ತು ಸೀಸೆಗಳಲ್ಲಿ. ಒಂದೊಂದಕ್ಕೂ ಚೀಟಿ:
ಗುರುವಾರ, ಆರೂಕಾಲು, ಹಾರ್ಮಟಾನ್ ಧೂಳುಗಾಳಿ.
ಬೆಳಕಿಗೆ ಹಿಡಿದರೆ ಒಂಬತ್ತೂ ತಿಳಿ.
ಇಷ್ಟು ತಿಳಿಯಾದದ್ದನ್ನು ನಂಬಬೇಡ ಎಂದೇ
ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ನನ್ನನ್ನು.

ಲೆಕ್ಕ ಶುರುವಾಗುವುದು ಸೌಜನ್ಯದಿಂದ.
ನೀರು ನಿರಪರಾಧಿ ಎಂದುಕೊಳ್ಳೋಣ,
ಫ್ಲೋರೈಡು ಲೀಟರಿಗೆ ಒಂದೂವರೆ ಮಿಲಿಗ್ರಾಮ್ ದಾಟಿಲ್ಲ ಎಂದುಕೊಳ್ಳೋಣ.
ಇದರ ಹೆಸರು ಶೂನ್ಯ ಊಹೆ.
ಸೊನ್ನೆಗೆ ಎಂಥ ಮರ್ಯಾದೆ ನೋಡಿ:
ಅದನ್ನು ಕುರ್ಚಿಯಿಂದ ಎಬ್ಬಿಸಬೇಕಾದರೆ,
ತಪ್ಪಿಲ್ಲದ ಬಾವಿಯೂ ಬರೀ ಆಕಸ್ಮಿಕಕ್ಕೆ ಇಂಥ ಅಂಕಿ ತೋರುವುದು
ನೂರರಲ್ಲಿ ಐದು ಸಲಕ್ಕಿಂತ ಕಮ್ಮಿ ಎಂದಾಗಬೇಕು.

ಸರಾಸರಿ ಒಂದು ಪಾಯಿಂಟ್ ಆರು ಎರಡು.
ಏರಿಳಿತ ಕಾಲು ಮಿಲಿಗ್ರಾಮ್.
ಒಂಬತ್ತರ ವರ್ಗಮೂಲ ಮೂರು; ಭಾಗಿಸಿದೆ, ಕೋಷ್ಟಕ ತೆರೆದೆ.
ನೂರರಲ್ಲಿ ಒಂಬತ್ತು.
ಐದಲ್ಲ.
ನಾಲ್ಕೇ ನಾಲ್ಕು ಅಂಕಿಯಲ್ಲಿ ನೀರು ಗೆದ್ದಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಪ್ರಮಾಣಿಸಿ ನೋಡಿದೆನಲ್ಲ,
ಕಂಡದ್ದನ್ನು ಈಗ ಎಲ್ಲಿ ಇಡಲಿ?

ಅತಿಪೋಕ ಬುಟ್ಟಿ ಹೆಣೆಯುವವಳು.
ಹುಲ್ಲಿನ ಎಸಳನ್ನು ಹಲ್ಲಿನಲ್ಲೇ ಸೀಳುತ್ತಾಳೆ, ಚರ್‍ ಎಂದು,
ಎಪ್ಪತ್ತು ದಾಟಿದರೂ ಅಚ್ಚ ಬಿಳಿಯ ಹಲ್ಲು.
ಅವಳು ಬೆಳೆದದ್ದು ಹೊಂಡದ ನೀರಲ್ಲಿ,
ಕಾಲಿನಿಂದ ನಾರುಹುಳ ಎಳೆದ ಗುರುತು ಇನ್ನೂ ಇದೆ.
ಈ ಪಂಪು ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ.
ಹುಳ ಹೋಯಿತು. ಆಮೇಲೆ ಹುಟ್ಟಿದವರ ಹಲ್ಲಿನ ಮೇಲೆ
ಕಂದು ಗೆರೆ ಬಂತು,
ಚಹಾ ಕುಡಿದಿಟ್ಟ ಲೋಟದ ಒಳಗಿನ ಹಾಗೆ.

"ಒಂಬತ್ತು ಸೀಸೆಯೇ?" ಅಂದಳು.
"ನಾ ಹೊತ್ತ ಕೊಡ ಎಷ್ಟೆಂದು ಯಾರಾದರೂ ಕೇಳಿದರೇ?
ನೀರಿನ ಮೇಲೆ ಅಪವಾದ ಬರಬಾರದು, ಸರಿ.
ಮೊಮ್ಮಗಳ ಹಲ್ಲು ಯಾಕೆ ನಿಂತಿದೆ ಕಟಕಟೆಯಲ್ಲಿ?"

ಆ ರಾತ್ರಿ ಊಹೆಯನ್ನು ರೊಟ್ಟಿಯಂತೆ ಮಗುಚಿ ಹಾಕಿದೆ.
ನೀರು ಕೆಟ್ಟದ್ದು ಎಂದುಕೊಳ್ಳೋಣ.
ಒಳ್ಳೆಯದೆಂದು ತೋರಿಸುವ ಹೊಣೆ ಅದರದೇ ಇರಲಿ.
ಅವೇ ಸೀಸೆ, ಅದೇ ಸರಾಸರಿ,
ಒಂದು ಹನಿಯೂ ಬದಲಾಗಿಲ್ಲ.
ನೀರು ತಡವರಿಸಿತು. ಒಂದು ಸಾಕ್ಷಿಯೂ ಇರಲಿಲ್ಲ ಅದರ ಬಳಿ.

ಕಚೇರಿಯ ನಮೂನೆಯಲ್ಲಿ ಇರುವುದು ಎರಡೇ ಮನೆ:
ಸುರಕ್ಷಿತ, ಅಸುರಕ್ಷಿತ.
ನಾನು ಅಂಚಿನಲ್ಲಿ ಬರೆದೆ: ಸಾಬೀತಾಗಿಲ್ಲ. ಇನ್ನೂ ಮೂವತ್ತು ಸೀಸೆ ಬೇಕು.
ಅಬುಗ್ರೆ ಓದಿ, ಕನ್ನಡಕ ಒರೆಸಿಕೊಂಡು, ಮತ್ತೆ ಓದಿದ.
"ಸಾಬೀತಾಗಿಲ್ಲ ಅಂದರೆ ಸುರಕ್ಷಿತ ಅಂತ ತಾನೆ?"
ಅಲ್ಲ ಅಂದೆ.
"ಹಿಡಿ ಕಳಚಿದರೆ ಮುಂದಿನ ಬಾವಿ ಎರಡು ಮೈಲಿ.
ಹೊರುವುದು ನೀನಲ್ಲ."
ಅದೂ ನಿಜ. ನನ್ನ ಕೋಷ್ಟಕದಲ್ಲಿ
ತಲೆಯ ಮೇಲಿನ ಭಾರಕ್ಕೆ ಕಾಲಂ ಇಲ್ಲ.

ಬೆಳಿಗ್ಗೆ ಮತ್ತೆ ಪಂಪಿನ ಬಳಿ.
ಅವಿನ್‌ಪೋಕ, ಒಂಬತ್ತು ವರ್ಷದವಳು,
ಇಡೀ ಮೈಯ ತೂಕ ಹಾಕಿ ಹಿಡಿ ಒತ್ತುತ್ತಾಳೆ.
"ಇದು ಎಷ್ಟನೆಯದು?" ಹತ್ತನೆಯದು, ಅಂದೆ.
ನಕ್ಕಳು. ನಗುವಾಗ ಅಂಗೈ ತಾನಾಗಿ ಬಾಯಿಗೆ ಹೋಯಿತು,
ಯಾರೂ ಹೇಳಿಕೊಟ್ಟದ್ದಲ್ಲ.
ನಾನು ಬಗ್ಗಿ ಚೀಟಿ ಬರೆಯುತ್ತಿದ್ದೆ, ದಿನ, ಗಂಟೆ, ಗಾಳಿ.
ತಲೆ ಎತ್ತುವಷ್ಟರಲ್ಲಿ ಸೀಸೆ ತುಂಬಿ ಹೊರಚೆಲ್ಲಿತ್ತು,
ಚೆಲ್ಲುವುದನ್ನು ಅದೇ ಅಂಗೈಯಲ್ಲಿ ಹಿಡಿದು
ಕುಡಿಯುತ್ತಿದ್ದಳು.