ನಲ್ಲಿಗೆ ಕಟ್ಟಿದ ಕಾಲುಚೀಲ

ಗುರುವಾರ ರಾತ್ರಿ ಮೂರಕ್ಕೆ ನಲ್ಲಿ ಕೆಮ್ಮುತ್ತದೆ.
ಮೊದಲು ಗಾಳಿ, ಆಮೇಲೆ ಒಂದು ಗೊರಕೆ,
ಆಮೇಲೆ ಹುಣಸೆಹಣ್ಣಿನ ಪಾನಕ.
ಇಸ್ತಪಲಾಪದ ನಮ್ಮ ಓಣಿಯಲ್ಲಿ
ಎಲ್ಲರೂ ಅದನ್ನು ಹಾಗೆಯೇ ಕರೆಯುವುದು.
ಇವತ್ತು ಪಾನಕ ಬಂತಾ?
ಬಂತು, ಸಕ್ಕರೆ ನೀವೇ ಹಾಕಿಕೊಳ್ಳಿ.

ನಲ್ಲಿಯ ಬಾಯಿಗೆ ಕಾಲುಚೀಲ ಕಟ್ಟಿದ್ದೇನೆ.
ಬೆನಿಗ್ನೊನದು. ಬಿಳಿ, ಹಿಮ್ಮಡಿಗೆ ಹಸಿರು ಗೆರೆ,
ಭಾನುವಾರದ ಫುಟ್‌ಬಾಲಿಗೆಂದು ಕೊಂಡದ್ದು.
ಜೋಡಿಯ ಇನ್ನೊಂದು ಎಲ್ಲಿ ಎಂದು
ಅವನು ಈಗಲೂ ಕೇಳುತ್ತಾನೆ,
ಅದರೊಳಗಿಂದಲೇ ಹಾದುಬಂದ ಕಾಫಿ ಕುಡಿಯುತ್ತ.

ಬೆಳಿಗ್ಗೆ ಬಿಚ್ಚಿ, ಒಳಹೊರಗು ಮಾಡಿ ಕೊಡವಿದರೆ
ತುಕ್ಕಿನ ಚಕ್ಕೆ, ಕಪ್ಪು ಮರಳು, ಯಾವುದೋ ಬೇರಿನ ಎಳೆ,
ಒಮ್ಮೆ ಕಿರುಬೆರಳ ಉಗುರಿನಷ್ಟು
ಬಸವನಹುಳುವಿನ ಚಿಪ್ಪು.
ಇಟ್ಸೆಲ್ ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.
ಇಲ್ಲಿ ಮೊದಲು ಕೆರೆ ಇತ್ತಂತೆ, ಶಾಲೆಯಲ್ಲಿ ಹೇಳಿದರಂತೆ,
ಕಣ್ಣು ಹಾಯುವಷ್ಟು ಕೆರೆ, ದೋಣಿ, ನೀರ ಮೇಲೆ ತೋಟ.
ಕೆರೆ ಬತ್ತಿಸಿ ಊರು ಕಟ್ಟಿದರು,
ಈಗ ಊರಿಗೆ ನೀರು ಬೆಟ್ಟ ಹತ್ತಿ ಬರುತ್ತದೆ.
‘ಕೆರೆಗೆ ನಮ್ಮ ಮನೆ ಗೊತ್ತಾಗಿದೆ’ ಎನ್ನುತ್ತಾಳೆ,
‘ಒಂದೊಂದೇ ಹುಳುವನ್ನು ಕಳಿಸಿ ನೋಡುತ್ತಿದೆ.’

ನೀರು ಕುಡಿದಷ್ಟು ಸಲೀಸು
ಎನ್ನುವ ಮಾತನ್ನು ಯಾರು ಕಟ್ಟಿದರೋ
ಅವರ ಮನೆಯ ನಲ್ಲಿಯನ್ನು ನಾನೊಮ್ಮೆ ನೋಡಬೇಕು.

ಡ್ರಮ್ಮಿನಲ್ಲಿ ಒಂದು ದಿನ ಬಿಡಬೇಕು, ಮುಟ್ಟದೆ,
ಕೋಪ ಬಂದವರನ್ನು ಮಾತಾಡಿಸದೆ ಬಿಟ್ಟ ಹಾಗೆ.
ಗಸಿ ತಳ ಸೇರುತ್ತದೆ.
ತಿಳಿಯನ್ನಷ್ಟೇ, ಕೈ ನಡುಗದ ಹಾಗೆ, ಬಗ್ಗಿಸಿ
ಮೇಲಿನ ಪಾತ್ರೆಗೆ ಸುರಿಯಬೇಕು.
ಅದರೊಳಗೆ ಬಿಳಿಯ ಕ್ಯಾಂಡಲ್,
ಬೆಳಕು ಕೊಡದ ಮೇಣದಬತ್ತಿ.
ಅದು ಹೀರುತ್ತದೆ, ಯೋಚಿಸುತ್ತದೆ,
ಕೆಳಗಿನ ಪಾತ್ರೆಗೆ ಒಂದು ಹನಿ ಒಪ್ಪಿಸುತ್ತದೆ.
ಮತ್ತೆ ಯೋಚಿಸುತ್ತದೆ.
ಅಷ್ಟರಲ್ಲಿ ನಾನು ಶಾಲೆಯ ಸಮವಸ್ತ್ರಕ್ಕೆ
ಒಂದು ಕಾಲರ್ ಹೊಲಿದು ಮುಗಿಸಿರುತ್ತೇನೆ.

ಅತ್ತೆ ಎವುಸ್ತೋಲಿಯಾಗೆ ಇದೆಲ್ಲ ಕಾರುಬಾರು.
‘ನಾವು ಬಾವಿಗೆ ಬಾಯಿಟ್ಟು ಬೆಳೆದವರು,
ಏನಾಯಿತು ನಮಗೆ?’
ಅವಳು ಹೆತ್ತದ್ದು ಒಂಬತ್ತು, ಬೆಳೆದದ್ದು ಐದು.
ಆ ಕಳೆಯುವ ಲೆಕ್ಕವನ್ನು ನಮ್ಮ ಮನೆಯಲ್ಲಿ
ಯಾರೂ ಬಾಯಿಬಿಟ್ಟು ಮಾಡುವುದಿಲ್ಲ.

ಕಳೆದ ತಿಂಗಳು, ಹಲ್ಲುಜ್ಜುವ ಬ್ರಷ್ಷಿನಿಂದ
ಕ್ಯಾಂಡಲಿನ ಮೈ ಉಜ್ಜುವಾಗ
ಕೈ ಜಾರಿ ಅದು ಸಿಂಕಿನ ಅಂಚಿಗೆ ತಾಗಿತು.
ತಿರುಗಿಸಿ ನೋಡಿದೆ, ಏನೂ ಕಾಣಲಿಲ್ಲ.
ಆ ದಿನ ಕೆಳಗಿನ ಪಾತ್ರೆ
ಮಧ್ಯಾಹ್ನದೊಳಗೆ ತುಂಬಿಬಿಟ್ಟಿತು.
ಎಲ್ಲರಿಗೂ ಖುಷಿ. ಬೆನಿಗ್ನೊ ಎರಡು ಲೋಟ ಕುಡಿದ,
ಕೊನೆಗೂ ಇದಕ್ಕೆ ಬುದ್ಧಿ ಬಂತು ಎಂದ.
ನೀರು ನೋಡಲು ತಿಳಿಯಾಗಿಯೇ ಇತ್ತು.
ನಮಗೇ ತಿಳಿಯಲಿಲ್ಲ.

ಮೂರನೆಯ ರಾತ್ರಿ ಕತ್ತಲಲ್ಲಿ ಅತ್ತೆಯ ದನಿ:
‘ಒಫೇಲಿಯಾ, ಹನಿ ತಪ್ಪುತ್ತಿದೆ.’
ದೀಪ ಹಾಕಿದೆ. ಅವಳು ಹಾಸಿಗೆಯಲ್ಲಿ ಕೂತಿದ್ದಳು,
ಬೆರಳಿನ ಗೆಣ್ಣುಗಳನ್ನು ಎಣಿಸುತ್ತ.
‘ನಾನು ಹದಿನಾಲ್ಕು ಎಣಿಸಿದರೆ ಒಂದು ಬೀಳುತ್ತಿತ್ತು.
ಈಗ ಐದಕ್ಕೇ ಬೀಳುತ್ತಿದೆ.
ಅದು ಸೋಸುತ್ತಿಲ್ಲ, ಸುಮ್ಮನೆ ಸುರಿಯುತ್ತಿದೆ.’

ಎಷ್ಟು ವರ್ಷದಿಂದ, ಎಲ್ಲರೂ ಮಲಗಿದ ಮೇಲೆ,
ಅವಳು ಅದನ್ನು ಕೇಳುತ್ತ ಎಚ್ಚರವಿದ್ದಳೋ.
ಕ್ಯಾಂಡಲನ್ನು ಬಲ್ಬಿನ ಹತ್ತಿರ ಹಿಡಿದೆ.
ಕೂದಲೆಳೆಯಂಥ ಬಿರುಕು, ಬುಡದಿಂದ ಅರ್ಧದವರೆಗೆ.
ಪಾತ್ರೆಯ ನೀರನ್ನೆಲ್ಲ ನೆಲ ಒರೆಸಲು ಬಕೆಟ್ಟಿಗೆ ಹಾಕಿ
ಒಂದು ಕೊಡ ಕುದಿಯಲು ಇಟ್ಟೆ.
ಅತ್ತೆ ಮಲಗಲಿಲ್ಲ. ಇಟ್ಸೆಲಳ ಹೊಟ್ಟೆಯ ಮೇಲೆ
ಕೈಯಿಟ್ಟು ಕೂತೇ ಇದ್ದಳು, ಬೆಳಗಾಗುವ ತನಕ,
ಅಲ್ಲಿಂದಲೂ ಏನೋ ಕೇಳಿಸುತ್ತದೆ ಎನ್ನುವ ಹಾಗೆ.

ಹುಡುಗಿಗೆ ಏನೂ ಆಗಲಿಲ್ಲ.
ಮೂರು ಡಜನ್ ಕಾಲರಿನ ಹಣಕ್ಕೆ ಹೊಸ ಕ್ಯಾಂಡಲ್ ಬಂತು.
ಮೊದಲ ಎರಡು ಪಾತ್ರೆ ಚೆಲ್ಲಬೇಕು ಎಂದು ಅಂಗಡಿಯವನು ಹೇಳಿದ್ದ,
ಚೆಲ್ಲಿದೆ. ಚೆಲ್ಲುವಾಗ ಅತ್ತೆ ಮುಖ ತಿರುಗಿಸಿಕೊಂಡಳು.
ಮೂರನೆಯದರಿಂದ ತಾನೇ ಒಂದು ಲೋಟ ಕೇಳಿದಳು.
ನಿಧಾನ ಕುಡಿದಳು.
‘ರುಚಿಯೇ ಇಲ್ಲ’ ಎಂದಳು.
ಬಾಯಿ ಒರೆಸಿಕೊಂಡು ಲೋಟ ಮುಂದೆ ಹಿಡಿದಳು:
‘ಇನ್ನೊಂದು ಕೊಡು.’